ಎತ್ತಿ ಸುಮ್ಮನಿರುವವನಿಗೆ

ಪುತ್ತೂರು
ಗುರುವಾರ, ಊಟದ ಬಿಡುವಿನ ಹೊತ್ತು

ಪ್ರೀತಿಯ ತಮ್ಮ ತೀರ್ಥರಾಮನಿಗೆ,

ಸಭೆಯಲ್ಲಿ ಸಾಲಾಗಿ ನಿಂತಿರುವ ಮಾನ್ಯ ರಬ್ಬರ್ ಮರಗಳೇ, ಅವುಗಳ ಎದೆಗಂಟಿಕೊಂಡು ಬಾಯಿ ತೆರೆದು ಆಲಿಸುತ್ತಿರುವ ಗೌರವಾನ್ವಿತ ಹಾಲಿನ ಗೆರಟೆಗಳೇ, ಮಂಡೆಕೋಲಿನ ಹಾಲಿನ ಸೊಸೈಟಿಯ ಕಟ್ಟೆಯಲ್ಲಿ ಆಸೀನರಾಗಿರುವ ಹಿರಿಯರೇ, ಗಡಿಯಾಚೆಯಿಂದಲೇ ನಮ್ಮ ಫೋನುಗಳಲ್ಲಿ ಮಲಯಾಳ ಮಾತಾಡುವ ಟವರುಗಳೇ, ‘ದನಿಮನೆ’ ಎಂಬ ನಮ್ಮ ಕಾಲ್ ಸೆಂಟರಿನ ಡಯಲಿಂಗ್ ವ್ಯವಸ್ಥೆಯು ಹೊಸ ಆವೃತ್ತಿಗೆ ಏರಿದೆ ಎಂದು ತಮ್ಮೆಲ್ಲರಿಗೆ ತಿಳಿಸಲು ಅಪಾರ ಹರ್ಷಪಡುತ್ತೇನೆ. ಹಳತು ಕಳೆಯಿತು, ಹೊಸತು ಮೊಳೆಯಿತು. ಇಲ್ಲಿ ಚಪ್ಪಾಳೆ ತಟ್ಟುವವರು ತಟ್ಟಬಹುದು.

ನೀನು ಈ ಕಾಗದವನ್ನು ತೋಟದಲ್ಲೇ ಓದುತ್ತೀ ಎಂದು ಗೊತ್ತಿರುವುದರಿಂದ ಮರಗಳಿಗೂ ಒಂದು ನಮಸ್ಕಾರ ಹಾಕಿದೆ. ಅವು ನಿನಗಿಂತ ಚೆನ್ನಾಗಿ ಕೇಳುತ್ತವೆ. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು ನಕ್ಕು, “ತಡಿ, ಸೇವಂತಿ ಮಾತಾಡ್ತಾಳಂತೆ” ಎಂದು ಹೆಂಡತಿಯ ಕೈಗೆ ಫೋನು ದಾಟಿಸುತ್ತೀ. ಅವಳು ಪಾಪ, ಮಳೆಯ ವಿಷಯ ಕೇಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಸುಳ್ಯದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುತ್ತೇನೆ, ಜಾಲ್ಸೂರಿನಲ್ಲಿ ಅವರು ನಿಮ್ಮ ಸೊಸೈಟಿಯ ಹಾಲಿನ ಗಾಡಿಗೆ ದಾಟಿಸುತ್ತಾರೆ. ಕಾಗದವನ್ನು ನೀನು ಯಾರಿಗೂ ದಾಟಿಸಬೇಡ, ಕೊನೆಯವರೆಗೆ ಓದು.

“ಕಿವಿಗೆ ಆ ಕಪ್ಪು ಬಟ್ಟಲು ಕವುಚಿಕೊಂಡು ನೀನು ಮಾಡುವ ಕೆಲಸ ಎಂತದ್ದು?” ಎಂದು ನೀನು ಒಮ್ಮೆ ನನ್ನನ್ನು ಕೇಳಿದ್ದೆ. ನಾನು ಪ್ರಾಸದಲ್ಲಿ ಉತ್ತರ ಕೊಟ್ಟಿದ್ದೆ, ನಿನಗೆ ಅರ್ಥವಾಗಿರಲಿಲ್ಲ. ಈಗ ಗದ್ಯದಲ್ಲಿ ಹೇಳುತ್ತೇನೆ. ಚಪ್ಪಲಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮದೊಂದು ಕೋಣೆ. ಅಲ್ಲಿರುವ ಯಂತ್ರ ಒಂದರ ಹಿಂದೊಂದರಂತೆ ನೂರಾರು ಮನೆಗಳಿಗೆ ಫೋನ್ ಮಾಡುತ್ತದೆ. ಅದನ್ನು ನಡೆಸುವ ತಂತ್ರಾಂಶ ಯಾವುದೋ ದೇಶದ ಪುಣ್ಯಾತ್ಮರು ಬರೆದು, ಬೇಕಾದವರು ಬಳಸಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದು ಲೋಕಕ್ಕೆ ಬಿಟ್ಟದ್ದು. ದಾರಿಬದಿಯ ಬಾವಿಯ ಹಾಗೆ, ಹಗ್ಗ ನಿನ್ನದು, ನೀರು ಎಲ್ಲರದ್ದು. ಹಗಲಿನಲ್ಲಿ ಅದು ಟೈಲ್ಸ್ ಅಂಗಡಿಯ ಮತ್ತು ಕಣ್ಣಿನ ಶಿಬಿರದ ವಿಷಯ ಹೇಳುತ್ತದೆ. ಬೆಳಗಿನ ಜಾವ ಆನೆಯ ವಿಷಯ ಹೇಳುತ್ತದೆ. ಕಡಬ ಮತ್ತು ಸುಳ್ಯದ ಕೆಲವು ಸೊಸೈಟಿಗಳು ಸೇರಿ ಈ ಏರ್ಪಾಡು ಮಾಡಿಕೊಂಡದ್ದು ನಿನಗೆ ಗೊತ್ತಿದೆ, ನಿನ್ನ ನಂಬರು ಸೇರಿಸಿದವಳೇ ನಾನು. ಕಾಡಿನ ಅಂಚಿನ ಕಾವಲಿನವರು ನಮಗೆ ತಿಳಿಸುತ್ತಾರೆ, ನಾನು ಗುಂಡಿ ಒತ್ತುತ್ತೇನೆ, ನಮ್ಮ ಭವಿತಾ ಎಂಬ ಹುಡುಗಿಯ ಮುದ್ರಿತ ಧ್ವನಿ ಮನೆ ಮನೆಗೆ ಹೋಗುತ್ತದೆ: “ಆನೆ ಬಂದಿದೆ ತೋಟಕ್ಕೆ, ಹೊರಡಬೇಡಿ ನೋಟಕ್ಕೆ.” ಪ್ರಾಸ ನನ್ನದು; ನನ್ನ ಕನ್ನಡ ಮಾಧ್ಯಮದ ಬಿ.ಎ. ಪದವಿಯನ್ನು ಇಷ್ಟು ಜನ ಬೆಳಿಗ್ಗೆ ಎದ್ದ ಕೂಡಲೇ ಕೇಳುವ ಯೋಗ ಬೇರೆ ಯಾರಿಗೆ ಬಂದೀತು ಹೇಳು.

ಮೊನ್ನೆ ಶನಿವಾರದ ಹಿಂದಿನ ಶನಿವಾರ ಹೊಸ ಆವೃತ್ತಿ ಹಾಕಿದರು. ಹಾಕಿದವನು ಮಿದ್ಲಾಜ್, ನಮ್ಮ ಯಂತ್ರಗಳ ವೈದ್ಯ, ಕೂರ್ನಡ್ಕದ ಹುಡುಗ. ಅವನು ಬದಲಾವಣೆಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದ, ನಾನು ಕನ್ನಡಕ್ಕಿಳಿಸಿ ಗೋಡೆಗೆ ಅಂಟಿಸಿದೆ. ಕರೆ ಮುಗಿದ ಮೇಲೆ ಪರದೆ ತಾನಾಗಿ ಮುಚ್ಚುತ್ತದೆ. ಧ್ವನಿಮುದ್ರಣದಲ್ಲಿ ಎರಡೂ ಕಡೆಯ ದನಿ ಬೇರೆ ಬೇರೆ ಕೇಳುತ್ತದೆ. ಆಚೆ ಕಡೆ ಎತ್ತಿದ್ದು ಮನುಷ್ಯನೋ ಯಂತ್ರವೋ ಎಂದು ಮೊದಲಿಗಿಂತ ಚೆನ್ನಾಗಿ ಗುರುತಿಸುತ್ತದೆ. ಈ ಕೊನೆಯದಕ್ಕೆ ಪ್ರಾಸ ಕೂಡ ಕಟ್ಟಿದೆ: “ಎತ್ತಿದ್ದು ಜೀವವೋ ಜಡವೋ, ಹೇಳಲು ಇನ್ನಿಲ್ಲ ತಡವು.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಚೀಟಿಯನ್ನು ಈಗ ಹರಿದು ಹಾಕಿದ್ದೇನೆ.

ಆ ಗುಣ ನಮಗೆ ಬೇಕೇ ಆಗಿತ್ತು, ಅದನ್ನೂ ಹೇಳಬೇಕು. ನಿಮ್ಮ ಕಡೆ ಫೋನ್ ಸಿಗದಿದ್ದರೆ ಮಲಯಾಳದ ಒಬ್ಬ ಹೆಂಗಸು ಬಂದು, ನೀವು ಕರೆದವರು ವ್ಯಾಪ್ತಿಯಲ್ಲಿಲ್ಲ ಎನ್ನುತ್ತಾಳಲ್ಲ. ಹಳೆಯ ವ್ಯವಸ್ಥೆಗೆ ಅವಳು ಮನುಷ್ಯಳಲ್ಲ ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಭವಿತಾ ಅವಳಿಗೆ ಆನೆಯ ಎಚ್ಚರಿಕೆ ಕೊಡುತ್ತಿದ್ದಳು, ಅವಳು ಭವಿತಾಳಿಗೆ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಲು ಹೇಳುತ್ತಿದ್ದಳು. ಇಬ್ಬರಿಗೂ ಆನೆ ಏನೂ ಮಾಡಲಿಲ್ಲ. ಆದರೆ ಆ ಮನೆಯವರಿಗೆ ವಿಷಯ ತಿಳಿಸಲಾಗಿದೆ ಎಂದು ನಮ್ಮ ಪರದೆ ಹಸಿರಾಗುತ್ತಿತ್ತು. ಹೊಸ ವ್ಯವಸ್ಥೆ ಹಾಗಲ್ಲ. ಎತ್ತಿದ ಮೇಲೆ ಒಂದು ಚೂರು ಕಾಯುತ್ತದೆ. “ಹಲೋ” ಎಂಬ ಮನುಷ್ಯ ದನಿ ಕೇಳಿದರೆ ಹಸಿರು, ಆನೆಯ ಮಾತು ಶುರು. ಕೇಳದಿದ್ದರೆ ಹಳದಿ, ‘ಯಂತ್ರ’ ಎಂದು ಗುರುತು ಹಾಕಿ, ಫೋನ್ ಇಟ್ಟು, ಆ ನಂಬರನ್ನು ಸಾಲಿನ ಕೊನೆಗೆ ತಳ್ಳುತ್ತದೆ. ಎಲ್ಲರದೂ ಮುಗಿದ ಮೇಲೆ ಮತ್ತೆ ಕರೆಯುತ್ತದೆ.

ನಿನಗೆ ಈಗ ಅರ್ಥವಾಗಿರಬೇಕು. ನಮಗೆ ಆಗ ಆಗಲಿಲ್ಲ.

ಅದಾದ ಸೋಮವಾರ ಬೆಳಗಿನ ಪಾಳಿ ನನ್ನದು. ಒಂಟಿ ಸಲಗ ಗಡಿ ದಾಟಿ ಮಂಡೆಕೋಲಿನ ಕಡೆ ಇಳಿದಿದೆ ಎಂದು ಕಾವಲಿನವರ ಕರೆ ಬಂತು. ಗುಂಡಿ ಒತ್ತಿ ಚಾ ಹಿಡಿದು ಕೂತೆ. ಕಡಬದ ಕಡೆಯ ಊರುಗಳಲ್ಲಿ ಹಿಂದಿನ ದಿನವೆಲ್ಲ ಹಸಿರು ಬಿದ್ದ ಯಂತ್ರ, ನಿಮ್ಮ ಊರು ಬಂದದ್ದೇ ಹಳದಿ ಹಳದಿ ಎಂದು ಬೀಳತೊಡಗಿತು. ನಾನು ತಮಾಷೆಗೆ, “ಮಂಡೆಕೋಲಿನಲ್ಲಿ ಮನುಷ್ಯರೇ ಇಲ್ಲವಂತೆ, ನನಗೆ ಮೊದಲೇ ಸಂಶಯ ಇತ್ತು” ಎಂದೆ. ಭವಿತಾ ನಕ್ಕಳು. ಸಾಲು ಮೇಲೆ ಸರಿಯಿತು. ಕುಕ್ಕಪ್ಪ ಮಾವ, ಯಂತ್ರ. ಅವರ ಕೆಳಗೆ ತೀರ್ಥರಾಮ, ಯಂತ್ರ.

ಚಾದ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ನೀನು ಆ ಹೊತ್ತಿಗೆ ಎಲ್ಲಿರುತ್ತೀ ಎಂದು ನನಗೆ ಗೊತ್ತು. ತಲೆಗೆ ದೀಪ ಕಟ್ಟಿಕೊಂಡು ರಬ್ಬರಿನ ತೊಗಟೆ ಕೆತ್ತುತ್ತ ಮರದಿಂದ ಮರಕ್ಕೆ ಹೋಗುತ್ತಿರುತ್ತೀ. ಆ ದೀಪದ ಬೆಳಕು ಒಂದು ಮರದಷ್ಟು ಅಗಲ. ಅದರಾಚೆಗೆ ನಿಂತದ್ದು ಮರವೋ ಮತ್ತೊಂದೋ ನಿನಗೆ ಕಾಣಿಸುವುದಿಲ್ಲ, ನೀನು ಮಾತ್ರ ಅದಕ್ಕೆ ಚೆನ್ನಾಗಿ ಕಾಣಿಸುತ್ತೀ.

ಎರಡನೆಯ ಸುತ್ತಿನಲ್ಲೂ ನೀನು ಹಳದಿಯೇ. ಬೆಳಕು ಹರಿದ ಮೇಲೆ ನೀನೇ ಸೇವಂತಿಯ ಫೋನಿನಿಂದ ಮಾಡಿದೆ. “ಅಕ್ಕಾ, ಆನೆ ಬಂದಿತ್ತು. ನಾನು ಮೇಲಿನ ಸಾಲಿನಲ್ಲಿದ್ದೆ, ಅದು ಕೆಳಗಿನ ಸಾಲಿನಲ್ಲಿ ಹೋಯ್ತು. ಗೆರಟೆ ಎಲ್ಲ ಕವುಚಿ ಹಾಕಿ ಹೋಗಿದೆ. ನಮಗೆ ಇಬ್ಬರಿಗೂ ತೊಂದರೆ ಆಗ್ಲಿಲ್ಲ. ನಿಮ್ಮ ಕಾಲ್ ಸೆಂಟರಿನವರು ಮಲಗಿದ್ದರಾ ಎಂತ?” ನಾನು ಮಲಗಿರಲಿಲ್ಲ ತಮ್ಮಾ.

ಕುಕ್ಕಪ್ಪ ಮಾವನ ಕಥೆ ನಿನಗೆ ಗೊತ್ತು, ಹಾಲಿನ ಕ್ಯಾನು ಕಟ್ಟಿಕೊಂಡು ಸ್ಕೂಟರಿನಲ್ಲಿ ಹೊರಟವರಿಗೆ ತಿರುವಿನಲ್ಲಿ ಅದು ಎದುರಾದದ್ದು, ಅವರು ಚರಂಡಿಗೆ ಹಾರಿದ್ದು, ಅದು ಕ್ಯಾನನ್ನು ಚಪಾತಿ ಮಾಡಿ ಹೋದದ್ದು. ಸುಳ್ಯದ ಆಸ್ಪತ್ರೆಯಲ್ಲಿ ಅವರು ನನಗೆ ಹೇಳಿದ್ದನ್ನು ನಿನಗೆ ಹೇಳಿರಲಿಕ್ಕಿಲ್ಲ. ಪಕ್ಕೆಲುಬು ಹಿಡಿದುಕೊಂಡು, ಉಸಿರು ಸಿಕ್ಕಿದಷ್ಟು ಮಾತಾಡಿದರು. “ಫೋನು ಬಂತು ಪಂಕಜಾ. ಎತ್ತಿದೆ. ಆಚೆಯವರು ಮಾತಾಡ್ಲಿ ಅಂತ ಕಾದೆ. ಸದ್ದಿಲ್ಲ. ಕಟ್ ಆಯ್ತು. ಒಂದೇ ಸಲ ಕರೆದು ಸುಮ್ಮನಾಗುದು ಎಂತದ್ದು ಅಂತ ನಿನ್ನ ಅಜ್ಜಿ ಹೇಳ್ತಿದ್ದಳಲ್ಲ, ಅದೇ ಇರ್ಬೇಕು ಅಂತ ಫೋನನ್ನು ಸೀಟಿನ ಅಡಿಗೆ ಹಾಕಿದೆ ಮಾರಾಯ್ತಿ.”

ಅಜ್ಜಿ ದುಗ್ಗಮ್ಮ ಕಲಿಸಿದ್ದು ನಮಗೆ ಮಾತ್ರ ಅಲ್ಲ, ಆ ಕಡೆಯ ಮನೆಗಳಿಗೆಲ್ಲ ಅದೇ ಪಾಠ. ಬೆಳಕು ಸರಿಯಾಗಿ ಇಲ್ಲದ ಹೊತ್ತಿನಲ್ಲಿ ಯಾರು ಕರೆದರೂ ಮೊದಲು ಬಾಯಿ ತೆರೆಯಬಾರದು. ಮನುಷ್ಯನಾದರೆ ಮತ್ತೆ ಕರೆಯುತ್ತಾನೆ. ಮನುಷ್ಯನಲ್ಲದ್ದು ಒಂದೇ ಸಲ ಕರೆಯುವುದು, ಓಗೊಟ್ಟವನ ದನಿ ಹಿಡಿದುಕೊಂಡು ಹೋಗುವುದು. ನೀನು ಸಣ್ಣವನಿದ್ದಾಗ ಒಂದು ಮುಸ್ಸಂಜೆ ನೀರು ಹರಿಯುವ ತೋಡಿನ ಆಚೆಯಿಂದ “ತೀರ್ಥಾ” ಎಂದು ಕೇಳಿತು. ನೀನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಅಂಗೈ ನಿನ್ನ ಮುಖದ ಮೇಲೆ. ಹೊಗೆಸೊಪ್ಪಿನ ವಾಸನೆಗೆ ನೀನು ಸೀನಬೇಕು, ಸೀನುವ ಹಾಗಿಲ್ಲ. ನಾನು ನಿನ್ನ ಅಂಗಿ ಹಿಡಿದುಕೊಂಡು ಉಸಿರು ಕಟ್ಟಿ ನಿಂತೆ. ಮೂರನೆಯ ಸಲ ಕರೆದಾಗ ಅಪ್ಪನ ಬೈಗುಳವೂ ಸೇರಿ ಬಂತು, ತಲೆಯ ಮೇಲೆ ಹಲಸಿನ ಹಣ್ಣು ಹೊತ್ತು ತೋಡು ದಾಟುವ ಪಾಲದ ಆಚೆ ನಿಂತಿದ್ದ ಅವರಿಗೆ ಕೈ ಹಿಡಿಯಲು ಒಬ್ಬರು ಬೇಕಿತ್ತು. ಅಜ್ಜಿ ಶಾಂತವಾಗಿ, “ಈಗ ಹೋಗು, ಇದು ನಮ್ಮದೇ” ಎಂದಳು.

ಹಲಸಿನ ಹಣ್ಣಿನ ಕಾಲದ ಆ ಪಾಠ ಮೊಬೈಲಿನ ಕಾಲಕ್ಕೂ ಬಂತು. ನಮ್ಮವರು ಫೋನ್ ಎತ್ತುತ್ತಾರೆ, ಕಿವಿಗೆ ಇಟ್ಟುಕೊಳ್ಳುತ್ತಾರೆ, ಕಾಯುತ್ತಾರೆ. ಕರೆದವನು ಮೊದಲು ತನ್ನ ದನಿ ತೋರಿಸಲಿ. ನೀನಂತೂ ನಡುಮಧ್ಯಾಹ್ನ ಕೂಡ ಹಾಗೆಯೇ. ಪುತ್ತೂರಿನ ಯಾವ ತಂತ್ರಜ್ಞನೂ ಊಹಿಸದ ಸಂಗತಿ ಇದು. ಯಾವುದೋ ದೇಶದವರು ಊಹಿಸಲಿಲ್ಲ ಎಂದು ದೂರುವುದು ಹೇಗೆ.

ಆಸ್ಪತ್ರೆಯಿಂದ ನೇರ ಕಚೇರಿಗೆ ಬಂದು, ಹಳದಿ ಬಿದ್ದ ಕರೆಗಳ ಧ್ವನಿಮುದ್ರಣ ಹಾಕು ಎಂದು ಮಿದ್ಲಾಜ್‌ಗೆ ಹೇಳಿದೆ. ಇಬ್ಬರೂ ಕೂತು ಕೇಳಿದೆವು. ತಮ್ಮಾ, ಅಷ್ಟು ಹೆದರಿಕೆಯ ಸದ್ದನ್ನು ನಾನು ಕೇಳಿಲ್ಲ. ಯಾಕೆಂದರೆ ಅದರಲ್ಲಿ ಸದ್ದೇ ಇಲ್ಲ. ಒಂದರಲ್ಲಿ ದೂರದ ಕೋಳಿ. ಒಂದರಲ್ಲಿ ಯಾರೋ ಹಂಡೆಗೆ ನೀರು ಸುರಿಯುತ್ತಿದ್ದಾರೆ. ಒಂದರಲ್ಲಿ ಮುದುಕಿಯೊಬ್ಬಳ ಉಸಿರು, ಎಳೆದು ಬಿಡುವ ಉಸಿರು. ಎಲ್ಲರೂ ಫೋನು ಹಿಡಿದು ಕಾಯುತ್ತಿದ್ದಾರೆ, ನಮ್ಮ ಯಂತ್ರವೂ ಕಾಯುತ್ತಿದೆ. ನೀನು ಮೊದಲು, ಇಲ್ಲ ನೀನು ಮೊದಲು. ಕಣ್ಣು ಎರಡು ಸಲ ಮಿಟುಕಿಸುವಷ್ಟು ಹೊತ್ತು, ಆಮೇಲೆ ಕಟ್. ಮುಂದಿನವರು. ಕಟ್. ಕುಕ್ಕಪ್ಪ ಮಾವನದ್ದರಲ್ಲಿ ಕ್ಯಾನಿನ ಮುಚ್ಚಳ ಹಾಕಿದ ಠಣ್. ನಿನ್ನದರಲ್ಲಿ ತೊಗಟೆಯ ಮೇಲೆ ಕತ್ತಿ ಜಾರುವ ಸರ್ ಸದ್ದು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದ್ದೀ ಮಹಾನುಭಾವ. ಕಟ್.

“ಅಕ್ಕ, ಇದು ಬಗ್ ಅಲ್ಲ” ಎಂದ ಮಿದ್ಲಾಜ್. “ಅದು ಹೇಳಿದ ಹಾಗೆಯೇ ಕೆಲಸ ಮಾಡಿದೆ. ಫೋನು ಎತ್ತಿ ಸುಮ್ಮನಿರುವವರು ಯಾರು ಉಂಟು ಲೋಕದಲ್ಲಿ?” ನಾವುಂಟು ಎಂದೆ. ಅವನು ತಲೆ ಕೆರೆದುಕೊಂಡು, “ನನ್ನ ಉಮ್ಮ ಸಹ ಹಾಗೆಯೇ ಅಕ್ಕ, ಆಚೆಯಿಂದ ಸಲಾಂ ಕೇಳದೆ ಬಾಯಿ ಬಿಡುದಿಲ್ಲ” ಎಂದ.

ಹರಿಪ್ರಸಾದರು ನಮ್ಮ ಯಜಮಾನರು, ಕೆಟ್ಟವರಲ್ಲ. ಆ ಗುಣವನ್ನು ತೆಗೆದೇ ಬಿಡಿ ಎಂದು ನಾನು ಜಗಳ ತೆಗೆದೆ. ಅವರು ನನ್ನನ್ನು ಕೂರಿಸಿ ಅದೇ ವಾರದ, ಕಡಬದ ಕಡೆಯ ಒಂದು ಕರೆ ತೋರಿಸಿದರು. ಅಲ್ಲಿಯ ಹೆಂಗಸೊಬ್ಬಳ ಫೋನು ಮೊದಲು ಸಿಗಲಿಲ್ಲ, ಯಂತ್ರ ಅದನ್ನು ಗುರುತಿಸಿ ಮತ್ತೆ ಕರೆಯಿತು, ಅವಳು ಗುಡ್ಡೆಯ ಮೇಲೆ ಬಂದಾಗ ಸಿಕ್ಕಿತು, ಅವಳು ಶಾಲೆಗೆ ಹೊರಟ ಮಗಳನ್ನು ವಾಪಸು ಕರೆದುಕೊಂಡಳು. “ಇದನ್ನು ತೆಗೆದರೆ ಅವಳು ಹೋಗ್ತಾಳೆ, ಬಿಟ್ಟರೆ ನಿನ್ನ ತಮ್ಮ ಹೋಗ್ತಾನೆ. ಯಾರನ್ನು ಬಿಡುದು ನೀನೇ ಹೇಳು ಪಂಕಜಕ್ಕ.” ಕಾಯುವ ಹೊತ್ತನ್ನು ಒಂದಿಷ್ಟು ಉದ್ದ ಮಾಡಿಸಿದೆ. ಅದಕ್ಕಿಂತ ಉದ್ದ ಮಾಡಿದರೆ ಕೊನೆಯ ಮನೆಗೆ ಕರೆ ಹೋಗುವಷ್ಟರಲ್ಲಿ ಆನೆ ಆ ಮನೆಯ ಬಾಳೆ ತಿಂದು ಮುಗಿಸಿರುತ್ತದೆ.

ಹಾಗಾಗಿ ಉಳಿದದ್ದು ಒಂದೇ ದಾರಿ, ಜನ ಮಾತಾಡಬೇಕು. ಮನೆ ಮನೆಗೆ ಹಗಲಿನಲ್ಲಿ ನಾನೇ ಫೋನ್ ಮಾಡಿ ಹೇಳಿದೆ. ಅದಕ್ಕೂ ಪ್ರಾಸ ಮಾಡಿದ್ದೇನೆ, ಬೇಡವೆಂದರೂ ಬರುತ್ತದೆ: “ಎತ್ತಿದ ಕೂಡಲೇ ಹಲೋ ಅನ್ನಿ, ಬೈಯುವುದಿದ್ದರೆ ಆಮೇಲೆ ಬನ್ನಿ.” ಕುಕ್ಕಪ್ಪ ಮಾವ ಪಕ್ಕೆಲುಬು ಕೂಡುವ ಮೊದಲೇ ಹಲೋ ಕಲಿತರು. ಅವರ ತಾಯಿ, ಹಲ್ಲಿಲ್ಲದ ಬಾಯಿಯವರು, “ಅಲೋ ಅಲೋ ಅಲೋ” ಎಂದು ಮೂರು ಸಲ ಹೇಳುತ್ತಾರೆ, ಯಾವುದಕ್ಕೂ ಇರಲಿ ಎಂದು.

ನೀನೊಬ್ಬ ಬಾಕಿ. ನಿನ್ನ ವಾದ ನನಗೆ ಬಾಯಿಪಾಠ ಉಂಟು. “ಕರೆದವರು ಮಾತಾಡುದಾ, ಕರೆಸಿಕೊಂಡವರಾ? ನಿನ್ನ ಮಿಷನಿಗೆ ಅಷ್ಟು ಜಂಬ ಇದ್ರೆ ಅದೇ ಮೊದಲು ಮಾತಾಡ್ಲಿ. ಮನುಷ್ಯ ಹೌದಾ ಅಲ್ಲವಾ ಅಂತ ಅದಕ್ಕೆ ನಾನು ರುಜುವಾತು ಕೊಡ್ಬೇಕಾ?” ನ್ಯಾಯ ನಿನ್ನ ಕಡೆಗೇ ಇದೆ. ನ್ಯಾಯವನ್ನು ಹಿಡಿದುಕೊಂಡು ನೀನು ಕೆಳಗಿನ ಸಾಲಿನಲ್ಲಿ ನಿಂತಿರುವುದನ್ನು ನೆನೆದರೆ ನನಗೆ ಆ ನ್ಯಾಯವೇ ಬೇಡವೆನಿಸುತ್ತದೆ. ಆನೆ ಕೂಡ ನಿನ್ನ ಹಾಗೆಯೇ, ಮೊದಲು ಮಾತಾಡುವ ಪ್ರಾಣಿ ಅಲ್ಲ. ಅಷ್ಟು ದೊಡ್ಡ ದೇಹ ಹೊತ್ತುಕೊಂಡು ಒಣ ಎಲೆಯ ಮೇಲೆ ಸದ್ದಿಲ್ಲದೆ ಬರುತ್ತದಂತೆ, ಕಾವಲಿನವರೇ ಹೇಳಿದ್ದು. ಅಂದಿನಿಂದ ಪರದೆಯಲ್ಲಿ ‘ಮಂ’ ಎಂಬ ಅಕ್ಷರ ಕಂಡರೆ ಸಾಕು, ಬಣ್ಣ ಬೀಳುವ ತನಕ ಕಣ್ಣು ಕೀಳುವುದಿಲ್ಲ. ಮನೆಯಲ್ಲಿ ಕುಕ್ಕರು ಕೂಗಿದರೂ ಬೆಚ್ಚುತ್ತೇನೆ. ಪ್ರಾಸವೂ ನಿಂತುಹೋಗಿತ್ತು ಎಂದರೆ ನೀನು ನಂಬಬೇಕು.

ಮೊನ್ನೆ ಕೊನೆಗೆ ನೀನು ಹೇಳಿದ್ದು ನನ್ನನ್ನು ಇನ್ನಷ್ಟು ಹೆದರಿಸಿತು. “ಅಷ್ಟೆಲ್ಲ ಯಾಕೆ ಅಕ್ಕಾ, ಮಿಷನು ಹೇಳದಿದ್ರೆ ನೀನು ಉಂಟಲ್ಲ. ನೀನೇ ಒಂದು ಫೋನ್ ಮಾಡಿ ಆನೆ ಉಂಟು ಅಂತ ಹೇಳು, ಮುಗೀತು.” ಎಷ್ಟು ಸುಲಭವಾಗಿ ಹೇಳಿದೆ. ಬೆಳಗಿನ ಪಾಳಿ ವಾರದಲ್ಲಿ ಅರ್ಧ ದಿನ ಬೇರೆಯವರದ್ದು ಎಂದು ನಾನು ಉತ್ತರ ಕೊಟ್ಟೆ. ಜ್ವರ ಬಂದು ಮಲಗಿದರೆ ಎಂದೆ. ಆ ಹೊತ್ತಿಗೆ ಕಾವಲಿನವರ ಕರೆಗಳೇ ಸಾಲುಸಾಲು ಬರುತ್ತವೆ ಎಂದೆ. ಎಲ್ಲ ನಿಜವೇ. ನೀನು “ಆಗ್ಲಿ, ನೀನಿರುವ ದಿನ ನೀನು ಹೇಳು, ಇಲ್ಲದ ದಿನ ನನ್ನ ನಾಯಿ ಹೇಳ್ತದೆ” ಎಂದು ಮಾತು ಮುಗಿಸಿದೆ. ನಾನೂ ಒಪ್ಪಿದವಳ ಹಾಗೆ ನಕ್ಕೆ.

ಇರಲಿ. ಕಂಡಕ್ಟರರು ಕೆಳಗೆ ಬಂದು ಚಪ್ಪಲಿ ಅಂಗಡಿಯವನ ಹತ್ತಿರ ಮಾತಾಡುತ್ತಿರುವುದು ಕೇಳಿಸುತ್ತಿದೆ. ಸೇವಂತಿಗೆ ನೆನಪು ಹೇಳು. ತೋಟಕ್ಕೆ ಬೆಳಕು ಬರಲಿ, ಗೆರಟೆಗೆ ಹಾಲು ತುಂಬಿ ಬರಲಿ, ನನ್ನ ತಮ್ಮ ಹೋದ ಹಾಗೆಯೇ ಮನೆಗೆ ತಿರುಗಿ ಬರಲಿ ಎಂದು ಹರಸಿ ಇಲ್ಲಿಗೆ ಮುಗಿಸಬೇಕು ಅಂತಿದ್ದೆ. ಆಗುತ್ತಿಲ್ಲ.

ಆ ಸೋಮವಾರ, ಯಂತ್ರದ ಎರಡು ಸುತ್ತುಗಳ ನಡುವೆ, ಕಚೇರಿಯ ನಂಬರಿನಿಂದ ನಿನಗೆ ಇನ್ನೊಂದು ಕರೆ ಬಂದಿತ್ತು. ಅದು ಯಂತ್ರದ್ದಲ್ಲ. ನಾನು. ನಿನ್ನ ಹೆಸರು ಹಳದಿ ಬಿದ್ದ ಕೂಡಲೇ ಕೈಯಿಂದಲೇ ಒತ್ತಿದೆ. ನೀನು ಎತ್ತಿದೆ. ನೀನು ಎಂದಿನಂತೆ ಸುಮ್ಮನಿದ್ದೆ. ಎಲೆಯ ಸದ್ದು ಕೇಳುತ್ತಿತ್ತು, ಉಸಿರು ಕೇಳುತ್ತಿತ್ತು. ಉಸಿರು ನಿನ್ನದೇ ಎಂದು ನನಗೆ ಧೈರ್ಯ ಬರಲಿಲ್ಲ. ನೀನು ಬಿದ್ದಲ್ಲಿಗೆ ಓಡಿ ಬಂದ ಯಾರೋ ನಿನ್ನ ಫೋನು ಎತ್ತಿದ್ದಾರೆ, ನಾನು ಬಾಯಿ ತೆರೆದರೆ ಅವರು ವಿಷಯ ಹೇಳಿಬಿಡುತ್ತಾರೆ ಎಂದು ಅನಿಸಿತು. ನಿನ್ನ ದನಿ ಮೊದಲು ಬರಲಿ ಎಂದು ಕಾದೆ. ನೀನೂ ಕಾದೆ. ಆಮೇಲೆ ನಾನೇ ಕಟ್ ಮಾಡಿದೆ. ಆನೆ ಉಂಟು ಎಂದು ಹೇಳಲಿಲ್ಲ ತಮ್ಮಾ. ನೀನು ನನ್ನ ಕಿವಿಯಲ್ಲೇ ಇದ್ದೆ, ಆನೆ ಕೆಳಗಿನ ಸಾಲಿನಲ್ಲಿತ್ತು, ನಾನು ಹೇಳಲಿಲ್ಲ.

ನನ್ನನ್ನು ನಂಬಬೇಡ. ಹಲೋ ಅನ್ನು.

ಬದುಕಿರು.

ನಿನ್ನ ಅಕ್ಕ,
ಪಂಕಜಾಕ್ಷಿ